ನಗದಿನ ಒಲವು ಮತ್ತು ಬಡ್ಡಿಯ ದರ: ಕೇನ್ಸರ ಒಂದು ವಾಕ್ಯದ ವಿಮರ್ಶೆ

ಜಾನ್ ಮೇನಾರ್ಡ್ ಕೇನ್ಸರು ೧೯೩೬ರಲ್ಲಿ ಪ್ರಕಟಿಸಿದ ‘ಉದ್ಯೋಗ, ಬಡ್ಡಿ ಮತ್ತು ಹಣದ ಸಾಮಾನ್ಯ ಸಿದ್ಧಾಂತ’ ಎಂಬ ಗ್ರಂಥವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಓದುವಂತೆ ಇತಿಹಾಸದ ವಿದ್ಯಾರ್ಥಿಗಳು ಓದುವುದಿಲ್ಲ. ಓದಬೇಕಾದ ನಿರ್ಬಂಧವೂ ಅವರಿಗಿಲ್ಲ. ಆದರೆ ಅದರ ೨೩ನೆಯ ಅಧ್ಯಾಯದಲ್ಲಿ, ದೇಶದೊಳಕ್ಕೆ ಚಿನ್ನ ಬೆಳ್ಳಿ ಹರಿದುಬರಬೇಕೆಂದು ವಾದಿಸಿದ ಯೂರೋಪಿನ ಹಳೆಯ ವಾಣಿಜ್ಯವಾದಿಗಳನ್ನು ಕುರಿತು ಚರ್ಚಿಸುತ್ತಿರುವಾಗ, ಕೇನ್ಸರು ಭಾರತದ ಸಮಗ್ರ ಇತಿಹಾಸವನ್ನು ಒಂದೇ ವಾಕ್ಯದಲ್ಲಿ ಮುಟ್ಟಿ ಮುಂದೆ ಸಾಗುತ್ತಾರೆ. ಅದರ ತಾತ್ಪರ್ಯವಿಷ್ಟು: ಭಾರತವು ಎಲ್ಲ ಕಾಲಗಳಲ್ಲಿಯೂ ನಗದಿನ ಮೇಲಿನ ಮೋಹದಿಂದ ಬಡವಾದ ದೇಶಕ್ಕೆ ನಿದರ್ಶನವಾಗಿದೆ, ಆ ಮೋಹವು ಎಷ್ಟು ಪ್ರಬಲವೆಂದರೆ, ಅಪಾರವಾದ ಚಿನ್ನ ಬೆಳ್ಳಿ ಎಡೆಬಿಡದೆ ಬಂದರೂ, ನಿಜವಾದ ಸಂಪತ್ತಿನ ಬೆಳವಣಿಗೆಗೆ ಅನುಕೂಲವಾಗುವ ಮಟ್ಟಕ್ಕೆ ಬಡ್ಡಿಯ ದರ ಇಳಿಯಲಿಲ್ಲ.

ಈ ವಾಕ್ಯವನ್ನು ಪರೀಕ್ಷಿಸಬೇಕೆಂಬ ವಿಚಾರ ನನಗೆ ಬಂದದ್ದು ಗ್ರಂಥಾಲಯದಲ್ಲಲ್ಲ, ತರಗತಿಯಲ್ಲಿ. ಕಳೆದ ವರ್ಷ ದಖ್ಖನಿನ ಋಣಗ್ರಸ್ತ ರೈತರನ್ನು ಕುರಿತ ಪಾಠ ಮುಗಿದ ಮೇಲೆ, ಅರ್ಥಶಾಸ್ತ್ರವನ್ನೂ ಓದುತ್ತಿದ್ದ ವಿದ್ಯಾರ್ಥಿಯೊಬ್ಬ ಎದ್ದು, “ಹಾಗಾದರೆ ನಮ್ಮ ಜನ ಹಣವನ್ನು ಹೂತಿಟ್ಟು ತಮ್ಮ ಬಡ್ಡಿಯನ್ನು ತಾವೇ ಏರಿಸಿಕೊಂಡರು ಎನ್ನಬಹುದೇ, ಸಾರ್?” ಎಂದು ಕೇಳಿದ. ಕೇನ್ಸರ ಮಾತನ್ನು ಒಪ್ಪಿದರೆ ಹಾಗೆಯೇ ಹೇಳಬೇಕಾಗುತ್ತದೆ. ಸಾಲದ ಹೊರೆಯ ಹೊಣೆ ಆಗ ಕಂದಾಯದ ಪದ್ಧತಿಯ ಮೇಲಾಗಲಿ ನ್ಯಾಯಾಲಯದ ಮೇಲಾಗಲಿ ಸಾಹುಕಾರನ ಮೇಲಾಗಲಿ ಬೀಳುವುದಿಲ್ಲ, ಸಾಲಗಾರನ ಸ್ವಭಾವದ ಮೇಲೆಯೇ ಬೀಳುತ್ತದೆ. ಆದುದರಿಂದ ಒಂದು ವಾಕ್ಯಕ್ಕೆ ಒಂದು ಲೇಖನದಷ್ಟು ಗಮನ ಕೊಡುವುದು ಅತಿಯೆನಿಸಲಾರದೆಂದು ನಂಬುತ್ತೇನೆ.

ಮೊದಲು ಸಿದ್ಧಾಂತವನ್ನು ಅದರ ತವರಿನಲ್ಲಿಯೇ ನೋಡೋಣ. ಉಳಿತಾಯಕ್ಕೆ ದೊರೆಯುವ ಪ್ರತಿಫಲವೇ ಬಡ್ಡಿ ಎಂದು ಹಿಂದಿನವರು ಹೇಳುತ್ತಿದ್ದರು. ಅಲ್ಲ, ಉಳಿಸಿದ ಹಣವನ್ನು ಪೆಟ್ಟಿಗೆಯಲ್ಲಿಯೇ ಇಟ್ಟರೆ ಏನೂ ದೊರೆಯುವುದಿಲ್ಲ, ನಗದನ್ನು ಕೈಬಿಡುವುದಕ್ಕೆ ತೆರುವ ಬೆಲೆಯೇ ಬಡ್ಡಿ, ಎಂದು ಕೇನ್ಸರು ಹೇಳಿದರು. ಪಠ್ಯಪುಸ್ತಕಗಳು ಇದನ್ನು ದ್ರವತ್ವ ಪ್ರಾಶಸ್ತ್ಯವೆಂಬ ಬಿಗಿಯಾದ ಹೆಸರಿನಿಂದ ಕರೆಯುತ್ತವೆ. ನಾನು ಇಲ್ಲಿ ನಗದಿನ ಒಲವು ಎನ್ನುತ್ತೇನೆ. ಜನರು ನಗದನ್ನು ಇಟ್ಟುಕೊಳ್ಳುವುದು ನಿತ್ಯದ ವ್ಯವಹಾರಕ್ಕಾಗಿ, ಆಪತ್ಕಾಲಕ್ಕಾಗಿ, ಮತ್ತು ಸಾಲಪತ್ರಗಳ ಬೆಲೆ ಇಳಿದೀತೆಂಬ ಊಹೆಯಿಂದ. ಬಡ್ಡಿಯ ದರವನ್ನು ಮುಖ್ಯವಾಗಿ ಹಿಡಿದಿರುವುದು ಈ ಮೂರನೆಯ ಕಾರಣ. ವರ್ಷಕ್ಕೆ ೪ ಪೌಂಡು ಕೊಡುವ, ಅಸಲು ಎಂದೂ ತೀರದ ಸಾಲಪತ್ರವೊಂದನ್ನು ೧೦೦ ಪೌಂಡಿಗೆ ಕೊಂಡವನನ್ನು ನೆನೆಯಿರಿ. ಪೇಟೆಯ ದರ ಶೇಕಡಾ ೫ಕ್ಕೆ ಏರಿದರೆ ಅವನ ಪತ್ರದ ಬೆಲೆ ೮೦ ಪೌಂಡಿಗೆ ಇಳಿಯುತ್ತದೆ. ಐದು ವರ್ಷದ ಬಡ್ಡಿ ಒಂದು ದಿನದಲ್ಲಿ ಕರಗಿಹೋಗುತ್ತದೆ. ಈ ಭಯವಿರುವವನು ಬಡ್ಡಿಯ ಆಸೆಯನ್ನು ಬಿಟ್ಟು ನಗದನ್ನು ಹಿಡಿದು ಕುಳಿತುಕೊಳ್ಳುತ್ತಾನೆ. ದರ ತಗ್ಗಿದಷ್ಟೂ ಈ ಭಯ ಹೆಚ್ಚು, ನಗದಿನ ಬೇಡಿಕೆಯೂ ಹೆಚ್ಚು. ೧೯೩೨ರಲ್ಲಿ ಬ್ರಿಟಿಷ್ ಸರ್ಕಾರವು ಶೇಕಡಾ ೫ರ ಯುದ್ಧಸಾಲವನ್ನು ಶೇಕಡಾ ೩½ಕ್ಕೆ ಪರಿವರ್ತಿಸಿದ ಕಾಲದ ಲಂಡನ್ನಿಗೆ ಈ ವಿವರಣೆ ಚೆನ್ನಾಗಿ ಒಪ್ಪುತ್ತದೆ. ಮುಂದೆ ಬೌಮಲ್ ೧೯೫೨ರಲ್ಲಿಯೂ ಟೋಬಿನ್ ೧೯೫೬ರಲ್ಲಿಯೂ ವ್ಯವಹಾರಕ್ಕಾಗಿ ಇಟ್ಟುಕೊಂಡ ನಗದು ಕೂಡ ಬಡ್ಡಿಯ ದರಕ್ಕೆ ಸ್ಪಂದಿಸುತ್ತದೆಂದು ತೋರಿಸಿ ಸಿದ್ಧಾಂತವನ್ನು ಇನ್ನಷ್ಟು ಗಟ್ಟಿಗೊಳಿಸಿದರು. ಅದರೊಡನೆ ನನಗೆ ಜಗಳವಿಲ್ಲ.

ಆದರೆ ಈ ಕಟ್ಟಡಕ್ಕೆ ಒಂದು ಅಡಿಪಾಯ ಬೇಕು. ಒಂದು ಕೈಯಲ್ಲಿ ನಗದು, ಇನ್ನೊಂದು ಕೈಯಲ್ಲಿ ದಿನದಿನಕ್ಕೆ ಬೆಲೆ ಏರಿಳಿಯುವ ಸಾಲಪತ್ರ. ಇವೆರಡನ್ನೂ ತೂಗಿನೋಡಬಲ್ಲ ಜನ ಇರಬೇಕು. ಕಲ್ಕತ್ತೆಯಲ್ಲಿ ಸರ್ಕಾರಿ ಕಾಗದವನ್ನು ಕೊಳ್ಳುತ್ತಿದ್ದ ಕೆಲವು ಮಂದಿಯನ್ನು ಬಿಟ್ಟರೆ, ‘ಎಲ್ಲ ಕಾಲಗಳ’ ಭಾರತದಲ್ಲಿ ಇಂಥವರು ಎಲ್ಲಿದ್ದರು?

‘ಎಲ್ಲ ಕಾಲಗಳಲ್ಲಿಯೂ’ ಎಂಬ ಮಾತು ಇತಿಹಾಸಕಾರನ ಕಿವಿಗೆ ಕೂಡಲೆ ತಾಗುತ್ತದೆ. ಭಾರತವು ಚಿನ್ನವನ್ನು ನುಂಗುವ ಬಾವಿ ಎಂಬ ಚಿತ್ರ ಬಹಳ ಹಳೆಯದು. ಕ್ರಿ. ಶ. ಒಂದನೆಯ ಶತಮಾನದಲ್ಲಿ ಪ್ಲಿನಿಯು ವರ್ಷಕ್ಕೆ ೫ ಕೋಟಿ ಸೆಸ್ಟರ್ಸು ಭಾರತಕ್ಕೆ ಹರಿದುಹೋಗುತ್ತದೆಂದು ಗೋಳಾಡಿದ; ಹದಿನೇಳನೆಯ ಶತಮಾನದಲ್ಲಿ ಬರ್ನಿಯೇ ಕೋಲ್ಬೇರನಿಗೆ ಬರೆದ ಪತ್ರದಲ್ಲಿ ಅದೇ ಚಿತ್ರವನ್ನು ಮತ್ತೆ ಬಿಡಿಸಿದ. ಇಬ್ಬರೂ ತಮ್ಮ ನಾಡಿನಿಂದ ಹೊರಟ ಲೋಹವನ್ನು ಕಂಡರೇ ಹೊರತು, ಅದರ ಬದಲಿಗೆ ಇಲ್ಲಿಂದ ಹೋದ ಮೆಣಸು, ಬಟ್ಟೆಗಳನ್ನು ಲೆಕ್ಕದ ಇನ್ನೊಂದು ಮಗ್ಗುಲಲ್ಲಿ ಇಡಲಿಲ್ಲ. ಸರಕು ಮಾರಿದವನು ಬೆಲೆಯನ್ನು ಪಡೆದರೆ ಅದಕ್ಕೆ ಮೋಹವೆಂಬ ಹೆಸರೇಕೆ? ಕೇನ್ಸರ ವಾಕ್ಯ ಈ ದೂರುಗಳ ಸರಪಳಿಯ ಕೊನೆಯ ಕೊಂಡಿಯಂತೆ ಕಾಣುತ್ತದೆ.

ಪ್ರಾಚೀನಕಾಲದ ಬಡ್ಡಿಯ ವಿಷಯದಲ್ಲಿ ನಮಗೆ ಸ್ಪಷ್ಟವಾದ ಆಧಾರವೇ ಇದೆ. ಕೌಟಿಲ್ಯನ ಅರ್ಥಶಾಸ್ತ್ರವು ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣವನ್ನು ಧರ್ಮ್ಯವಾದ ಬಡ್ಡಿಯೆಂದೂ, ವ್ಯಾಪಾರದ ಸಾಲಕ್ಕೆ ೫ ಪಣ, ಕಾಡುದಾರಿಯಲ್ಲಿ ಹೋಗುವವರಿಗೆ ೧೦ ಪಣ, ಸಮುದ್ರಯಾನ ಮಾಡುವವರಿಗೆ ೨೦ ಪಣವೆಂದೂ ವಿಧಿಸುತ್ತದೆ. ಒಂದೇ ರಾಜ್ಯ, ಒಂದೇ ನಾಣ್ಯ, ಒಂದೇ ಕಾಲ. ದರ ಮಾತ್ರ ಒಂದಕ್ಕೆ ಹದಿನಾರರಷ್ಟು. ಈ ಅಂತರವನ್ನು ನಗದಿನ ಒಲವು ವಿವರಿಸಲಾರದು. ಕಳ್ಳಕಾಕರ ಭಯ, ಬಿರುಗಾಳಿಯ ಭಯ ಇವು ವಿವರಿಸುತ್ತವೆ. ಈ ಗ್ರಂಥವನ್ನು ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಪ್ರಕಟಿಸಿದ್ದು ೧೯೦೯ರಲ್ಲಿ, ಅವರ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂದದ್ದು ೧೯೧೫ರಲ್ಲಿ. ೧೯೩೬ರ ಹೊತ್ತಿಗೆ ಅದು ಕೇಂಬ್ರಿಜ್ಜಿನ ಪಂಡಿತರ ಕೈಗೆ ನಿಲುಕದ ಪುಸ್ತಕವಾಗಿರಲಿಲ್ಲ.

ನಮ್ಮ ಕರ್ಣಾಟಕದ ಶಾಸನಗಳನ್ನು ಓದಿದವರಿಗೆ ಇನ್ನೊಂದು ಬಗೆಯ ಸಾಕ್ಷ್ಯ ಪರಿಚಿತವಾಗಿಯೇ ಇದೆ. ದಾನಿಯೊಬ್ಬ ಇಂತಿಷ್ಟು ಗದ್ಯಾಣವನ್ನು ದೇವಾಲಯದ ಸ್ಥಾನಿಕರ ಅಥವಾ ಅಗ್ರಹಾರದ ಮಹಾಜನರ ಕೈಗೆ ಕೊಡುತ್ತಾನೆ. ಮೂಲಧನ ಅಳಿಯಬಾರದು, ಅದರ ಬಡ್ಡಿಯಿಂದ ನಂದಾದೀಪ ಉರಿಯಬೇಕು, ಇಲ್ಲವೆ ಬ್ರಾಹ್ಮಣಭೋಜನ ನಡೆಯಬೇಕು. ಬಡ್ಡಿ ಬರಬೇಕಾದರೆ ಆ ಹಣ ಹೊರಗೆ ಓಡಾಡಲೇಬೇಕಲ್ಲವೇ? ನೆಲಮಾಳಿಗೆಯ ಗದ್ಯಾಣದಿಂದ ದೀಪ ಉರಿಯದು. ಇನ್ನು ಹದಿನೇಳನೆಯ ಶತಮಾನದಲ್ಲಿ, ಹೊಸ ಜಗತ್ತಿನ ಬೆಳ್ಳಿ ಸೂರತ್ತಿಗೆ ಹೊಳೆಯಾಗಿ ಬರುತ್ತಿದ್ದ ಕಾಲದಲ್ಲಿ, ವೀರ್ಜಿ ವೋರಾನಂಥ ಸಾಹುಕಾರರಿಂದ ಸಾಲ ಎತ್ತುತ್ತಿದ್ದ ಇಂಗ್ಲಿಷ್ ಕಂಪನಿಯ ಕಾಗದಪತ್ರಗಳಲ್ಲಿ ದರಗಳು ಉಳಿದಿವೆ. ಇರ್ಫಾನ್ ಹಬೀಬರೇ ಮೊದಲಾದವರು ಅವನ್ನು ಪರಿಶೀಲಿಸಿದ್ದಾರೆ. ಶತಮಾನದ ಪೂರ್ವಾರ್ಧದಲ್ಲಿ ತಿಂಗಳಿಗೆ ಶೇಕಡಾ ೧ರ ಆಸುಪಾಸಿನಲ್ಲಿಯೂ ಅದಕ್ಕೂ ಮೇಲೆಯೂ ಇದ್ದ ವ್ಯಾಪಾರದ ಬಡ್ಡಿ ಉತ್ತರಾರ್ಧದಲ್ಲಿ ಅದಕ್ಕಿಂತ ಕೆಳಕ್ಕೆ ಬಂದಿತು. ಲೋಹವೂ ಬಂದಿತು, ದರವೂ ಇಳಿಯಿತು. ಒಂದು ಇನ್ನೊಂದಕ್ಕೆ ಕಾರಣವೆಂದು ನಾನು ಸಾಧಿಸಹೊರಟಿಲ್ಲ. ಎಂದೂ ಇಳಿಯಲಿಲ್ಲವೆಂಬ ಮಾತು ನಿಲ್ಲುವುದಿಲ್ಲವೆಂದಷ್ಟೆ ಹೇಳುತ್ತೇನೆ.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಕೇನ್ಸರ ಪಕ್ಷಕ್ಕೆ ಮೇಲುನೋಟಕ್ಕಾದರೂ ಬಲ ಬರುತ್ತದೆ. ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಲ್ಯಾಂಕಶೈರಿನ ಗಿರಣಿಗಳಿಗೆ ಅಲ್ಲಿನ ಅರಳೆ ಬರುವುದು ನಿಂತಾಗ, ಮುಂಬಯಿ ಪ್ರಾಂತಕ್ಕೆ ಬೆಳ್ಳಿಯ ಮಳೆಯೇ ಸುರಿಯಿತು. ಅಮೆರಿಕದ ಬೀಜದಿಂದ ಬೆಳೆದ ಹತ್ತಿಗೆ ಆಗಲೇ ಹೆಸರಾಗಿದ್ದ ಧಾರವಾಡ ಸೀಮೆಗೂ ಅದರ ಪಾಲು ದೊರೆಯಿತು. ಆದರೂ ಹತ್ತು ವರ್ಷ ಕಳೆಯುವುದರೊಳಗೆ, ೧೮೭೫ರ ಮೇ ತಿಂಗಳಲ್ಲಿ, ಪುಣೆ ಜಿಲ್ಲೆಯ ಸುಪೆ ಗ್ರಾಮದಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಗಲಭೆ ಅಹಮದನಗರ ಜಿಲ್ಲೆಗೂ ಹಬ್ಬಿತು. ಅಷ್ಟು ಬೆಳ್ಳಿ ಬಂದೂ ಹಳ್ಳಿಯ ಬಡ್ಡಿ ಇಳಿಯಲಿಲ್ಲವಷ್ಟೆ? ಬೆಳ್ಳಿಯನ್ನು ಹೂತಿಟ್ಟರು ಎನ್ನುವುದು ಸುಲಭವಾದ ಉತ್ತರ.

ಗಲಭೆಯ ವಿಚಾರಣೆ ನಡೆಸಿದ ಆಯೋಗದ ವರದಿಯನ್ನು ತೆರೆದರೆ ಬೇರೆಯೇ ಚಿತ್ರ ಕಾಣುತ್ತದೆ. ಹತ್ತಿಯ ಬೆಲೆ ಬಿದ್ದಮೇಲೆಯೂ ಹೊಸ ಜಮಾಬಂದಿಯಲ್ಲಿ ಕಂದಾಯ ಏರಿತು, ಅದನ್ನು ಗೊತ್ತಾದ ಕಂತಿಗೆ ನಗದಾಗಿಯೇ ಕಟ್ಟಬೇಕಾಗಿತ್ತು. ೧೮೫೯ರ ಕಾಲಮಿತಿಯ ಕಾನೂನು ಸಾಮಾನ್ಯ ಸಾಲಪತ್ರಕ್ಕೆ ಮೂರೇ ವರ್ಷದ ಆಯುಸ್ಸನ್ನು ಕೊಟ್ಟಿತ್ತು. ರೈತನಿಗೆ ಉಪಕಾರವಾಗಲೆಂದು ಮಾಡಿದ ಈ ಕಾನೂನು ಅವನ ಕೊರಳಿಗೇ ಬಂತು: ಮೂರು ವರ್ಷಕ್ಕೊಮ್ಮೆ ಸಾಹುಕಾರನು ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಯಿಸಿಕೊಳ್ಳತೊಡಗಿದ. ಸಹಿ ಮಾಡಲು ಬಾರದವನ ಹೆಬ್ಬೆಟ್ಟನ್ನು ಸಿವಿಲ್ ನ್ಯಾಯಾಲಯ ಪತ್ರದಲ್ಲಿದ್ದಂತೆಯೇ ಎತ್ತಿಹಿಡಿಯಿತು. ಹಳ್ಳಿಗೆ ಒಬ್ಬನೋ ಇಬ್ಬರೋ ಸಾಹುಕಾರರು. ಕಂದಾಯದ ಕಂತು ಬಂದ ದಿನ ರೈತನು ದರವನ್ನು ಚೌಕಾಸಿ ಮಾಡುವ ಸ್ಥಿತಿಯಲ್ಲಿರಲಿಲ್ಲ. ಇಲ್ಲಿ ಹಣದ ಬೇಡಿಕೆ ಇತ್ತು, ನಿಜ. ಅದು ಹಣವನ್ನು ಇಟ್ಟುಕೊಳ್ಳುವ ಬೇಡಿಕೆಯಲ್ಲ. ಕೈಗೆ ಬಂದ ದಿನವೇ ಕಚೇರಿಗೆ ಕಟ್ಟಿಬಿಡುವುದಕ್ಕಾಗಿ ಬೇಕಾದ ಹಣ. ಕೇನ್ಸರು ಹೇಳುವ ಒಲವಿಗೂ ಇದಕ್ಕೂ ಏನು ಸಂಬಂಧ? ೧೮೭೯ರ ದಖ್ಖನ್ ರೈತರ ಪರಿಹಾರ ಕಾನೂನು ಕೈಹಾಕಿದ್ದು ನ್ಯಾಯಾಲಯದ ಅಧಿಕಾರಕ್ಕೆ ಮತ್ತು ಪತ್ರದ ಹಿಂದಿನ ಲೆಕ್ಕಕ್ಕೆ, ರೈತನ ಪೆಟ್ಟಿಗೆಗಲ್ಲ.

ಇಲ್ಲಿ ನನಗೆ ಅತ್ಯಂತ ಸೋಜಿಗವೆನಿಸುವ ಸಂಗತಿಯೊಂದಿದೆ. ಭಾರತದ ಬಡ್ಡಿಯನ್ನು ಹೇಗೆ ನೋಡಬೇಕೆಂಬುದನ್ನು ಕಲಿಸಿಕೊಟ್ಟ ಅತ್ಯುತ್ತಮ ಪುಸ್ತಕಗಳಲ್ಲಿ ಒಂದನ್ನು ಬರೆದವರೂ ಕೇನ್ಸರೇ. ೧೯೦೬ರಿಂದ ೧೯೦೮ರವರೆಗೆ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ಕೆಲಸ ಮಾಡಿದ ಅವರು ೧೯೧೩ರಲ್ಲಿ ‘ಭಾರತದ ಚಲಾವಣೆ ಮತ್ತು ಹಣಕಾಸು’ ಎಂಬ ಗ್ರಂಥವನ್ನು ಪ್ರಕಟಿಸಿದರು. ಭಾರತಕ್ಕೆ ಅವರು ಎಂದೂ ಬಂದವರಲ್ಲ. ಆದರೂ ಅದರ ಎಂಟನೆಯ ಅಧ್ಯಾಯ ಇಂದಿಗೂ ಓದಲು ಯೋಗ್ಯ. ಬಂಗಾಳ, ಮುಂಬಯಿ, ಮದರಾಸುಗಳ ಪ್ರೆಸಿಡೆನ್ಸಿ ಬ್ಯಾಂಕುಗಳ ದರ ಮಳೆಗಾಲದಲ್ಲಿ ಶೇಕಡಾ ೩ಕ್ಕೆ ಇಳಿದಿರುವುದು, ಸುಗ್ಗಿಯ ಮಾಲು ಬಂದರಿಗೆ ಹೊರಡುವ ಕಾಲದಲ್ಲಿ ಶೇಕಡಾ ೭ಕ್ಕೂ ೮ಕ್ಕೂ ಏರುವುದು, ಇದು ಪ್ರತಿವರ್ಷದ ಸಂಗತಿಯಾಗಿತ್ತು. ಏಕೆ ಹೀಗೆ?

ಬೆಳೆಯನ್ನು ಕೊಳ್ಳುವ ವ್ಯಾಪಾರಿಗಳು ರೂಪಾಯಿಯನ್ನು ಒಳನಾಡಿಗೆ ಒಯ್ಯುತ್ತಾರೆ. ಅದು ತಿಂಗಳುಗಟ್ಟಲೆ ಹಿಂದಿರುಗುವುದಿಲ್ಲ. ಅದೇ ತಿಂಗಳುಗಳಲ್ಲಿ ಸರ್ಕಾರ ಕಂದಾಯವನ್ನು ವಸೂಲು ಮಾಡುತ್ತದೆ. ೧೮೭೬ರಿಂದ ಆಚೆಗೆ ಅದರ ದೊಡ್ಡ ಭಾಗವನ್ನು ಬ್ಯಾಂಕುಗಳಲ್ಲಿ ಇಡದೆ ತನ್ನ ಮೀಸಲು ಖಜಾನೆಗಳಲ್ಲಿ ಬೀಗ ಹಾಕಿ ಇಡುತ್ತಿತ್ತು. ನೋಟುಗಳನ್ನಾದರೂ ಹೆಚ್ಚಿಸಬಹುದೆ ಎಂದರೆ, ಸಾಲಪತ್ರಗಳ ಆಧಾರದ ಮೇಲೆ ಹೊರಡಿಸಬಹುದಾದ ನೋಟಿಗೆ ಕಾನೂನು ಗೊತ್ತಾದ ಮಿತಿಯನ್ನು ಹಾಕಿತ್ತು. ೧೮೬೧ರಲ್ಲಿ ೪ ಕೋಟಿ ರೂಪಾಯಿಯಾಗಿದ್ದ ಈ ಮಿತಿ ೧೯೧೧ರ ಹೊತ್ತಿಗೆ ೧೪ ಕೋಟಿಯಾಗಿತ್ತು. ಅದರಾಚೆಗಿನ ಒಂದೊಂದು ನೋಟಿಗೂ ಅಷ್ಟೇ ಲೋಹ ಪೆಟ್ಟಿಗೆಯಲ್ಲಿರಬೇಕು. ಹಣದ ಬೇಡಿಕೆ ಋತುವಿನೊಡನೆ ಉಬ್ಬುತ್ತದೆ, ಪೂರೈಕೆ ಕಲ್ಲಿನಂತೆ ನಿಲ್ಲುತ್ತದೆ; ನಡುವೆ ಹಿಗ್ಗಿ ಕುಗ್ಗುವುದು ಬಡ್ಡಿಯ ದರವೊಂದೇ. ಲಂಡನ್ನಿನ ಅಗ್ಗದ ಹಣ ಬಂದು ಈ ಅಂತರವನ್ನು ಏಕೆ ತುಂಬಲಿಲ್ಲವೆಂಬುದಕ್ಕೂ ಕೇನ್ಸರು ಉತ್ತರ ಕೊಟ್ಟಿದ್ದಾರೆ: ಆ ಹಣಕ್ಕೆ ಇಲ್ಲಿ ಕೆಲಸವಿರುವುದು ಮೂರು ತಿಂಗಳು, ಹೋಗಿಬರುವ ಖರ್ಚು ಮಾತ್ರ ತಪ್ಪದು. ಲೆಕ್ಕ ಹಾಕಿ ನೋಡಿದರೆ ಈ ಮಾತಿನ ಬಲ ತಿಳಿಯುತ್ತದೆ. ಸುಗ್ಗಿಯಲ್ಲಿ ರೂಪಾಯಿಯೊಂದಕ್ಕೆ ೧೬⅛ ಪೆನ್ನಿ ಕೊಟ್ಟು ಕೊಂಡವನು ಮಳೆಗಾಲದಲ್ಲಿ ೧೬ ಪೆನ್ನಿಗೆ ಮಾರಿ ಹಿಂದಿರುಗಿದರೆ ನಷ್ಟ ಶೇಕಡಾ ಮುಕ್ಕಾಲಿಗೂ ತುಸು ಹೆಚ್ಚು; ಮೂರು ತಿಂಗಳಿಗೆ ಇಷ್ಟಾದರೆ ವರ್ಷದ ಲೆಕ್ಕದಲ್ಲಿ ಶೇಕಡಾ ೩ನ್ನು ಮೀರುತ್ತದೆ. ಎರಡು ಪೇಟೆಗಳ ಬಡ್ಡಿಯ ಅಂತರದ ಬಹುಭಾಗ ಅಲ್ಲಿಯೇ ಸವೆದುಹೋಯಿತು.

ಅವರು ಸೂಚಿಸಿದ ಪರಿಹಾರವೂ ರೋಗಕ್ಕೆ ತಕ್ಕುದಾಗಿತ್ತು: ನೋಟಿನ ಮೀಸಲಿನ ಒಂದು ಭಾಗವನ್ನು ಸುಗ್ಗಿಯ ಕಾಲದಲ್ಲಿ ಸಾಲವಾಗಿ ಕೊಡಬೇಕು. ೧೯೨೦ರ ಕಾನೂನು ಹುಂಡಿಗಳ ಆಧಾರದ ಮೇಲೆ ೫ ಕೋಟಿಯವರೆಗೆ ಹೆಚ್ಚುವರಿ ನೋಟುಗಳಿಗೆ ಎಡೆಮಾಡಿತು. ೧೯೨೩ರಲ್ಲಿ ಅದು ೧೨ ಕೋಟಿಯಾಯಿತು. ಹಣದ ಬೇಡಿಕೆಗೂ ಬಡ್ಡಿಯ ದರಕ್ಕೂ ಇರುವ ನಂಟನ್ನು ಕಾನೂನು, ಋತು, ಖಜಾನೆ, ಸಾಗಾಣಿಕೆ ಇವುಗಳ ನಡುವೆ ನಿಲ್ಲಿಸಿ ನೋಡಿದ ಈ ಮೂವತ್ತರ ಕೇನ್ಸರು, ಐವತ್ತೆರಡರ ಕೇನ್ಸರಿಗೆ ಏಕೆ ನೆನಪಾಗಲಿಲ್ಲವೋ ತಿಳಿಯದು. ಭಾರತೀಯರ ಲೋಹದ ಆಸೆಯನ್ನು ಕುರಿತ ಮಾತು ೧೯೧೩ರ ಗ್ರಂಥದಲ್ಲಿಯೂ ಇಲ್ಲದಿಲ್ಲ; ಆದರೆ ಅಲ್ಲಿ ದರದ ವಿವರಣೆಯ ಭಾರವನ್ನೆಲ್ಲ ಅದರ ಮೇಲೆ ಹೊರಿಸಿಲ್ಲ.

ಇಷ್ಟಾದರೂ ಒಂದು ಎಚ್ಚರಿಕೆ ಬೇಕು. ಪ್ರೆಸಿಡೆನ್ಸಿ ಬ್ಯಾಂಕಿನ ದರ ಬೇರೆ, ಬಜಾರಿನ ಹುಂಡಿಯ ದರ ಬೇರೆ, ಹಳ್ಳಿಯ ಸಾಹುಕಾರನ ದರ ಬೇರೆ. ಒಂದೇ ಮನೆಯ ಮೂರು ಅಂತಸ್ತುಗಳೆಂದು ಇವನ್ನು ಕಲ್ಪಿಸಿಕೊಂಡರೂ ನಡುವೆ ಮೆಟ್ಟಿಲುಗಳಿರಲಿಲ್ಲ. ೧೯೫೧–೫೨ರಲ್ಲಿ ರಿಸರ್ವ್ ಬ್ಯಾಂಕು ನಡೆಸಿದ ಗ್ರಾಮೀಣ ಸಾಲದ ಸಮೀಕ್ಷೆಯಂತೆ ರೈತರ ಸಾಲದಲ್ಲಿ ವಾಣಿಜ್ಯ ಬ್ಯಾಂಕುಗಳ ಪಾಲು ಶೇಕಡಾ ೦.೯, ಸಹಕಾರ ಸಂಘಗಳದು ಶೇಕಡಾ ೩.೧, ಸಾಹುಕಾರರದು ಸುಮಾರು ೭೦. ಸ್ವಾತಂತ್ರ್ಯಾನಂತರದ ಸ್ಥಿತಿಯೇ ಇದಾಗಿದ್ದರೆ, ಅದಕ್ಕೆ ಹಿಂದೆ ‘ಬಡ್ಡಿಯ ದರ’ ಎಂದು ಏಕವಚನದಲ್ಲಿ ಮಾತನಾಡುವುದಕ್ಕೆ ಅರ್ಥವೇ ಇಲ್ಲ.

ಚಿನ್ನದ ಪ್ರಶ್ನೆ ಉಳಿಯಿತು. ಕೇನ್ಸರ ಪರವಾಗಿ ಹೀಗೆ ವಾದಿಸಬಹುದು: ೧೭ನೆಯ ಅಧ್ಯಾಯದಲ್ಲಿ ಅವರು ನಗದಿನ ಗುಣವನ್ನು ನೋಟಿಗೂ ನಾಣ್ಯಕ್ಕೂ ಮಾತ್ರ ಕಟ್ಟಿಹಾಕಿಲ್ಲ, ಕೆಲವು ಸಮಾಜಗಳಲ್ಲಿ ಭೂಮಿಗೂ ಆ ಗುಣ ಇದ್ದಿರಬಹುದೆಂದು ಒಪ್ಪಿದ್ದಾರೆ, ಹಾಗೆಯೇ ಭಾರತದ ಒಡವೆಯೂ ಒಂದು ಬಗೆಯ ನಗದು, ಬಾವಿಗೂ ಎತ್ತಿಗೂ ಹೋಗಬೇಕಾದ ಸಂಪತ್ತನ್ನು ಅದು ಸೆಳೆದುಕೊಂಡಿತು. ವಾದ ತಳ್ಳಿಹಾಕುವಂಥದಲ್ಲ. ಆದರೆ ನಮ್ಮ ಮನೆಗಳಲ್ಲಿ ಕಾಸಿನ ಸರ ಏನು ಕೆಲಸ ಮಾಡುತ್ತದೆಂಬುದು ಎಲ್ಲರಿಗೂ ಗೊತ್ತು. ಬಿತ್ತನೆಗೆ ಮುಂಚೆ ಅದು ಒತ್ತೆಗೆ ಹೋಗುತ್ತದೆ, ಸುಗ್ಗಿಯಾದ ಮೇಲೆ ಮನೆಗೆ ಬರುತ್ತದೆ. ಬರಿಗೈಯಲ್ಲಿ ಹೋದವನಿಗಿಂತ ಒಡವೆ ಇಟ್ಟವನಿಗೆ ಸಾಲ ಅಗ್ಗ. ಎಂದರೆ ಈ ಚಿನ್ನವು ಸಾಲದ ವೈರಿಯಲ್ಲ, ಸಾಲದ ಜಾಮೀನು. ಹೆಣ್ಣುಮಕ್ಕಳ ಪಾಲಿಗೆ ಅದು ತಮ್ಮದೆನ್ನಬಹುದಾದ ಒಂದೇ ಆಸ್ತಿ. ಅದರ ಬದಲು ಇನ್ನೆಲ್ಲಿ ಇಡಬೇಕಾಗಿತ್ತು? ಅಂಚೆಯ ಉಳಿತಾಯ ಬ್ಯಾಂಕು ಬಂದದ್ದು ೧೮೮೨ರಲ್ಲಿ. ಹತ್ತಿಯ ಹುಚ್ಚಿನಲ್ಲಿ ಹಾಳಾದ ಮುಂಬಯಿ ಬ್ಯಾಂಕನ್ನು ೧೮೬೮ರಲ್ಲಿ ಮುಚ್ಚಿ ಹೊಸದಾಗಿ ಕಟ್ಟಬೇಕಾಯಿತು. ೧೯೧೩ರಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕು ಮುಳುಗಿ ಅದರ ಹಿಂದೆ ಅನೇಕ ಬ್ಯಾಂಕುಗಳು ಮುಳುಗಿದವು. ಸಣ್ಣ ಬ್ಯಾಂಕುಗಳಲ್ಲಿ ನಗದು ಸಾಲದೆಂದು ಕೇನ್ಸರೇ ಆ ವರ್ಷದ ತಮ್ಮ ಗ್ರಂಥದಲ್ಲಿ ಎಚ್ಚರಿಸಿದ್ದರು. ಹೀಗಿರುವಾಗ ಒಡವೆಯನ್ನು ನಂಬಿದವನದು ಮೋಹವೋ ವಿವೇಕವೋ ಎಂಬುದನ್ನು ವಾಚಕರೇ ತೀರ್ಮಾನಿಸಬಹುದು.

ಮೋಹವೇ ಆಗಿದ್ದರೆ ಅದು ೧೯೩೧ರ ಪರೀಕ್ಷೆಯಲ್ಲಿ ಗೆಲ್ಲಬೇಕಾಗಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ಇಂಗ್ಲೆಂಡು ಚಿನ್ನದ ಪ್ರಮಾಣವನ್ನು ಬಿಟ್ಟಿತು; ರೂಪಾಯಿ ಪೌಂಡಿನ ಬಾಲ ಹಿಡಿಯಿತು. ೧೯೨೭ರ ಕಾನೂನಿನಂತೆ ತೊಲಕ್ಕೆ ೨೧ ರೂಪಾಯಿಯ ಆಸುಪಾಸಿನಲ್ಲಿದ್ದ ಚಿನ್ನದ ಬೆಲೆ ಬೇಗನೆ ಏರಿ ಕೆಲವೇ ವರ್ಷಗಳಲ್ಲಿ ೩೦ನ್ನು ದಾಟಿತು. ಇತ್ತ ಬೆಳೆಗಳ ಬೆಲೆ ಸುಮಾರು ಅರ್ಧಕ್ಕೆ ಕುಸಿದಿತ್ತು. ಕಂದಾಯವೂ ಬಡ್ಡಿಯೂ ಮಾತ್ರ ಹಿಂದಿನ ರೂಪಾಯಿಗಳಲ್ಲಿಯೇ ನಿಂತಿದ್ದವು. ತಲೆಮಾರುಗಳಿಂದ ಕೂಡಿಟ್ಟ ಒಡವೆ ಪೆಟ್ಟಿಗೆಗಳಿಂದ ಹೊರಬಂದು, ಅಕ್ಕಸಾಲಿಯ ಮೂಸೆಯಲ್ಲಿ ಕರಗಿ, ಮುಂಬಯಿಯ ಹಡಗುಗಳನ್ನು ಸೇರಿತು. ವರ್ಷವರ್ಷವೂ ಹೀಗೆ ಹೋದದ್ದು ಒಟ್ಟು ನೂರಾರು ಕೋಟಿ ರೂಪಾಯಿಗಳ ಚಿನ್ನ. ಕಷ್ಟದಿಂದ ಮಾರಿದರೆಂದು ಕೆಲವರು, ಲಾಭಕ್ಕಾಗಿ ಮಾರಿದರೆಂದು ಕೆಲವರು ವಾದಿಸಿದ್ದಾರೆ; ಎರಡೂ ನಡೆದಿರಬೇಕೆಂದು ನನಗೆ ತೋರುತ್ತದೆ. ಯಾವುದೇ ಆಗಲಿ, ಬೆಲೆಯನ್ನೂ ಅಗತ್ಯವನ್ನೂ ಲೆಕ್ಕಿಸಿ ಮಾರುವವನನ್ನು ಮೋಹಕ್ಕೆ ಸಿಕ್ಕಿದವನೆಂದು ಕರೆಯುವುದು ಕಷ್ಟ. ಸಾಮಾನ್ಯ ಸಿದ್ಧಾಂತವು ೧೯೩೬ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಪ್ರಕಟವಾದಾಗಲೂ ಭಾರತದ ಚಿನ್ನ ಹೊರಗೆ ಹೋಗುತ್ತಲೇ ಇತ್ತು.

ನನ್ನ ವಿದ್ಯಾರ್ಥಿಗೆ ಆ ದಿನ ಸರಿಯಾದ ಉತ್ತರವನ್ನು ಕೊಡಲಾಗಲಿಲ್ಲ. ಈಗ ಅವನಿಗೆ ೧೯೧೩ರ ಗ್ರಂಥದ ಎಂಟನೆಯ ಅಧ್ಯಾಯವನ್ನೂ ದಖ್ಖನಿನ ಗಲಭೆಯ ವರದಿಯನ್ನೂ ಓದಲು ಕೊಟ್ಟಿದ್ದೇನೆ. ೨೩ನೆಯ ಅಧ್ಯಾಯವನ್ನು ಅವೆರಡಾದ ಮೇಲೆ ಓದಬೇಕೆಂದು ಹೇಳಿದ್ದೇನೆ.